ಪ್ರಕಟಣೆ ಬಂತು, ಉತ್ತರವೆಲ್ಲಿ?

ಬೆಟ್ಟದಪುರದ ಸುತ್ತಲಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಸರ್ಕಾರದ ಸುದ್ದಿ ತಮಟೆಯ ಸದ್ದಿನೊಡನೆ ಬರುತ್ತಿತ್ತು. ಸಾರುವವನನ್ನು ಬೀದಿಯಲ್ಲೇ ತಡೆದು ಪ್ರಶ್ನಿಸಬಹುದಿತ್ತು. ಗೊತ್ತಿಲ್ಲದಿದ್ದರೆ ಶ್ಯಾನುಭೋಗರನ್ನು ಕೇಳಿ ಎಂದಾದರೂ ಹೇಳುತ್ತಿದ್ದ. ಇಂದು ಆ ಕೆಲಸವನ್ನು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಮಾಡುತ್ತಿದೆ. ಅದರ ಪತ್ರಿಕಾ ಪ್ರಕಟಣೆಯನ್ನು ಓದಿ ನೋಡಿ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ವೇದಿಕೆಯಲ್ಲಿ ಯಾರೆಲ್ಲ ಉಪಸ್ಥಿತರಿದ್ದರು ಎಂಬುದು ಪದವಿಯ ಕ್ರಮ ತಪ್ಪದೆ ಇರುತ್ತದೆ. ಯೋಜನೆಯ ಹಣ ನಮ್ಮ ಊರಿಗೆ ಎಷ್ಟು ಬಂತು, ಕೆಲಸ ಏಕೆ ನಿಂತಿತು ಎಂಬುದು ಮಾತ್ರ ಹುಡುಕಿದರೂ ಸಿಗದು.

ಇದು ಬರಿಯ ಬರವಣಿಗೆಯ ದೋಷವೆಂದು ಸುಮ್ಮನಾಗುವಂತಿಲ್ಲ. ನಮ್ಮ ನೆರೆಯ ಚಾಮರಾಜನಗರವನ್ನು ನೆನೆಯಿರಿ. 2021ರ ಮೇ 2ರಿಂದ 3ರವರೆಗೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಪ್ರಾಣ ಬಿಟ್ಟರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದರು ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್. ಉಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ರಚಿತವಾದ ಸಮಿತಿ ಅದೇ ತಿಂಗಳಲ್ಲಿ ಆಮ್ಲಜನಕದ ಕೊರತೆಯನ್ನೇ ಎತ್ತಿ ತೋರಿಸಿತು. ಅಷ್ಟಾದ ಮೇಲೂ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಲಿಖಿತವಾಗಿ ಕೊಟ್ಟ ಉತ್ತರವೇನು? ಆಮ್ಲಜನಕದ ಕೊರತೆಯಿಂದ ಸತ್ತರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ! ಈ ವಾಕ್ಯದಲ್ಲಿ ಸುಳ್ಳನ್ನು ಹುಡುಕುವುದು ಕಷ್ಟ. ಆದರೆ ತಂದೆಯನ್ನೋ ಮಗನನ್ನೋ ಮಣ್ಣು ಮಾಡಿ ಬಂದ ಮನೆಯವರು ಅದನ್ನು ಹೇಗೆ ಓದಬೇಕು?

ಜಿಲ್ಲೆಯ ವಾರ್ತಾಧಿಕಾರಿಯನ್ನು ದೂರಿ ಫಲವಿಲ್ಲ. ಮೇಲಿನಿಂದ ಬಂದುದನ್ನು ಅವರು ಹಂಚುತ್ತಾರೆ. ಅದನ್ನು ಒಂದಕ್ಷರ ತಿದ್ದದೆ ಅಚ್ಚು ಹಾಕುವ ಪತ್ರಿಕೆಗಳೂ ಈ ಪಾಪದಲ್ಲಿ ಪಾಲುದಾರರೇ. ಸರ್ಕಾರದ ಜಾಹೀರಾತನ್ನು ನಂಬಿ ಬದುಕುವ ಪತ್ರಿಕೆ ಅದೇ ಸರ್ಕಾರವನ್ನು ಪ್ರಶ್ನಿಸೀತೆಂದು ನಾವು ನಿರೀಕ್ಷಿಸುವುದಾದರೂ ಹೇಗೆ?

ಕಾನೂನು ನಮ್ಮ ಕಡೆಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣದ ಪ್ರಕಾರ, ಜನರನ್ನು ತಟ್ಟುವ ನಿರ್ಧಾರಗಳ ಸಂಗತಿಗಳನ್ನು ಕೇಳುವ ಮೊದಲೇ ಪ್ರಕಟಿಸಬೇಕು. ಬಾಧಿತರಿಗೆ ಕಾರಣ ತಿಳಿಸಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಆದರೆ ನಮ್ಮ ರಾಜ್ಯವು 2008ರಲ್ಲಿ ತಂದ ನಿಯಮ ನೋಡಿ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಪ್ರಜೆಯ ಪ್ರಶ್ನೆಗೆ ಅಳತೆ ಉಂಟು. ಸರ್ಕಾರದ ಆತ್ಮಸ್ತುತಿಗೆ ಇಲ್ಲ.

ನೂರೈವತ್ತು ಪದಗಳು ಸಾಕು. ಮುಂದಿನ ಗ್ರಾಮಸಭೆಗೆ ಮನೆಮಂದಿಯೆಲ್ಲ ಹೋಗಿ, ನಿಮ್ಮೂರಿನ ಕಾಮಗಾರಿಯ ಮೊತ್ತವನ್ನು, ಅದು ನಿಂತ ಕಾರಣವನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಫಲಕಕ್ಕೆ ಅಂಟಿಸಿರೆಂದು ಕೇಳಿರಿ. ಒಪ್ಪದಿದ್ದರೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಿರಿ. 30 ದಿನಗಳೊಳಗೆ ಅವರು ಉತ್ತರಿಸಲೇಬೇಕು.