ಆಘಾತದ ಚಿಕಿತ್ಸೆ: ತರಬೇತಿಗೆ ಅಡ್ಡದಾರಿಯಿಲ್ಲ

1998ರ ಆಗಸ್ಟ್ 15ರಂದು ಉತ್ತರ ಐರ್ಲೆಂಡ್‌ನ ಓಮಾ ಪಟ್ಟಣದ ಪೇಟೆಬೀದಿಯಲ್ಲಿ ಕಾರ್ ಬಾಂಬ್ ಸಿಡಿದು 29 ಮಂದಿ ಮೃತಪಟ್ಟರು. ಬದುಕುಳಿದವರಲ್ಲಿ ಹಲವರಿಗೆ ಗಾಯ ಮಾಗಿದರೂ ಆ ಗಳಿಗೆ ಮುಗಿಯಲಿಲ್ಲ. ಮರುಕಳಿಸುವ ದೃಶ್ಯಗಳು, ದುಃಸ್ವಪ್ನ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಮುಂತಾದ ಲಕ್ಷಣಗಳ ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಗುರುತಿಸುತ್ತದೆ.

ಇದಕ್ಕೆ ಪರಿಣಾಮಕಾರಿ ಚಿಕಿತ್ಸೆ ಇದೆ. ಆಂಕೆ ಏಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ 2000ದಲ್ಲಿ ಮಂಡಿಸಿದ ವಿವರಣೆಯಂತೆ, ಮುಗಿದುಹೋದ ಅಪಾಯವು ರೋಗಿಗೆ ಈಗಲೂ ಎದುರಿಗಿರುವಂತೆ ಭಾಸವಾಗುತ್ತದೆ. ‘ತಪ್ಪು ನನ್ನದೇ’, ‘ಇನ್ನು ಎಲ್ಲಿಯೂ ಸುರಕ್ಷಿತವಲ್ಲ’ ಎಂಬ ನಂಬಿಕೆಗಳು, ತುಣುಕು ತುಣುಕಾದ ನೆನಪು, ಅದರಿಂದ ತಪ್ಪಿಸಿಕೊಳ್ಳುವ ಅಭ್ಯಾಸ, ಇವೇ ಕಾಯಿಲೆಯನ್ನು ಉಳಿಸುತ್ತವೆ. ಚಿಕಿತ್ಸಕರು ರೋಗಿಯೊಡನೆ ಆ ನೆನಪಿಗೆ ಮರಳಿ, ಈಗ ತಿಳಿದಿರುವ ಸತ್ಯವನ್ನು ಅದಕ್ಕೆ ಜೋಡಿಸುತ್ತಾರೆ.

ಓಮಾದ ಸಮಸ್ಯೆ ಚಿಕಿತ್ಸಕರ ಅಭಾವವಾಗಿತ್ತು. ಸ್ಥಳೀಯ ಆರೋಗ್ಯ ಸೇವೆಯ ಸಿಬ್ಬಂದಿಗೇ ಇಂಗ್ಲೆಂಡಿನ ತಜ್ಞರು ತರಬೇತಿ ನೀಡಿದರು. ಅವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಪೂರ್ವಾನುಭವ ಅಲ್ಪ. 91 ರೋಗಿಗಳ ಫಲಿತಾಂಶ 2002ರಲ್ಲಿ ಪ್ರಕಟವಾದಾಗ, ಸುಧಾರಣೆ ವಿಶ್ವವಿದ್ಯಾಲಯಗಳ ಪ್ರಯೋಗಗಳಿಗೆ ಸಮನಾಗಿತ್ತು. ಹೋಲಿಕೆಗೆ ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲವೆಂಬ ಮಿತಿಯನ್ನು ಒಪ್ಪಿಕೊಂಡರೂ ಇದು ಗಣನೀಯ ಸಾಧನೆಯೇ.

ಹಾಗೆಂದು ಮೂರು ದಿನಗಳ ಕಾರ್ಯಾಗಾರ ಸಾಕೆಂದು ಭಾವಿಸಬಾರದು. ರೋಗಿಯ ಕಣ್ಣೀರು ಕಂಡ ಹೊಸ ಚಿಕಿತ್ಸಕ ಸಹಜವಾಗಿಯೇ ನೆನಪಿನ ವಿಷಯ ಬಿಟ್ಟು ಸಾಂತ್ವನಕ್ಕೆ ತೊಡಗುತ್ತಾನೆ. ಉದ್ದೇಶ ಒಳ್ಳೆಯದೇ, ಆದರೆ ಚಿಕಿತ್ಸೆಯ ತಿರುಳೇ ಬಿಟ್ಟುಹೋಗುತ್ತದೆ. ಅನುಭವಿಗಳು ಧ್ವನಿಮುದ್ರಿಕೆ ಆಲಿಸಿ, ಪ್ರಕರಣಗಳನ್ನು ಚರ್ಚಿಸಿ ತಿದ್ದುವ ನಿರಂತರ ಮೇಲ್ವಿಚಾರಣೆಯೇ ಇದಕ್ಕೆ ಪರಿಹಾರ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮುಂದಿನ ಅಧ್ಯಾಯ ಆಸಕ್ತಿಕರ. ಕ್ಲಾರ್ಕ್ ಅವರೊಂದಿಗೆ ಕೈಜೋಡಿಸಿದ ರಿಚರ್ಡ್ ಲೇಯಾರ್ಡ್ ಅರ್ಥಶಾಸ್ತ್ರಜ್ಞ. ಗುಣಮುಖನಾದವನು ಕೆಲಸಕ್ಕೆ ಮರಳಿದರೆ ಸರ್ಕಾರಕ್ಕೆ ಭತ್ಯೆ ಉಳಿಯುತ್ತದೆ, ತೆರಿಗೆ ಬರುತ್ತದೆ, ಚಿಕಿತ್ಸೆಯ ವೆಚ್ಚ ತಾನೇ ಹಿಂದಿರುಗುತ್ತದೆ ಎಂಬುದು ಅವರ ವಾದ. 2008ರಲ್ಲಿ ಇಂಗ್ಲೆಂಡ್ ಮೂರು ವರ್ಷಗಳಲ್ಲಿ 3,600 ಹೊಸ ಚಿಕಿತ್ಸಕರನ್ನು ಸಿದ್ಧಪಡಿಸುವ ಯೋಜನೆ ಆರಂಭಿಸಿತು. ಪ್ರತಿ ಭೇಟಿಯಲ್ಲೂ ರೋಗಲಕ್ಷಣದ ಅಳತೆ, ಫಲಿತಾಂಶದ ಬಹಿರಂಗ ಪ್ರಕಟಣೆ ಅದರ ಭಾಗಗಳಾದವು. ಎಷ್ಟು ಜನ ತರಬೇತಿ ಪಡೆದರೆಂಬುದಕ್ಕಿಂತ ಎಷ್ಟು ರೋಗಿಗಳು ಚೇತರಿಸಿಕೊಂಡರೆಂಬುದೇ ಅಲ್ಲಿ ಮುಖ್ಯ ಲೆಕ್ಕ.

ವಿಶೇಷ ತಜ್ಞರಲ್ಲದವರಿಗೆ ತರಬೇತಿ ನೀಡುವ ಪರಿಪಾಠ ನಮಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು ಸಜ್ಜುಗೊಳಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ, ಕಾಯಿಲೆಗೆ ಅನುಗುಣವಾಗಿ, ಶೇ 70ರಿಂದ 92ರಷ್ಟಿತ್ತು.

ಆಡಳಿತದಲ್ಲಿ ಕಾರ್ಯಾಗಾರಕ್ಕೆ ಅನುದಾನ ಸಿಗುವುದು ಸುಲಭ. ಅದಕ್ಕೆ ಉದ್ಘಾಟನೆಯಿದೆ, ಪ್ರಮಾಣಪತ್ರವಿದೆ, ಮಾರ್ಚ್ ಅಂತ್ಯದೊಳಗೆ ಮುಗಿಯುವ ವೆಚ್ಚವಿದೆ. ವಾರವಾರದ ಮೇಲ್ವಿಚಾರಣೆಗೆ ಇವಾವುವೂ ಇಲ್ಲ. ಪ್ರವಾಹ, ಭೂಕುಸಿತಗಳ ನಂತರ ಪರಿಹಾರದ ಮೊತ್ತ ಘೋಷಿಸುವ ಸರ್ಕಾರಗಳು, ತರಬೇತಿಯ ಬಜೆಟ್ಟಿನಲ್ಲೇ ಮೇಲ್ವಿಚಾರಣೆಗೂ ಫಲಿತಾಂಶದ ಅಳತೆಗೂ ಹಣ ಕಾದಿರಿಸಬೇಕು. ಅದಿಲ್ಲದೆ ನಾವು ಪ್ರಮಾಣಪತ್ರ ಪಡೆದವರನ್ನು ಸೃಷ್ಟಿಸಬಹುದು, ಚಿಕಿತ್ಸಕರನ್ನಲ್ಲ.