ಮೊದಲ ಸಂಬಳ ಮತ್ತು ಜಮಾಖರ್ಚಿನ ಪುಸ್ತಕ

ಪದವಿಯ ಕೊನೆಯ ವರ್ಷದಲ್ಲಿರುವ ನಮ್ಮೆಲ್ಲರ ಮಾತು ಈಗ ಒಂದೇ: ಮುಂದೇನು? ಕೆಲವರು ಬಿ.ಎಡ್. ಎನ್ನುತ್ತಾರೆ, ಕೆಲವರು ಸ್ಪರ್ಧಾತ್ಮಕ ಪರೀಕ್ಷೆ ಎನ್ನುತ್ತಾರೆ, ಹಲವರು ತೋರಣಗಲ್ಲಿನಲ್ಲಿಯೋ, ಹೊಸಪೇಟೆಯಲ್ಲಿಯೋ, ಬೆಂಗಳೂರಿನಲ್ಲಿಯೋ ಒಂದು ನೌಕರಿ ಸಿಕ್ಕರೆ ಸಾಕೆನ್ನುತ್ತಾರೆ. ನೌಕರಿಯನ್ನು ಸಂಪಾದಿಸುವುದು ಹೇಗೆಂದು ನಮಗೆ ಉಪದೇಶಿಸುವವರು ಬಹಳ ಮಂದಿ ಇದ್ದಾರೆ. ಬಂದ ಸಂಬಳವನ್ನು ನಡೆಸಿಕೊಂಡು ಹೋಗುವುದು ಹೇಗೆಂದು ಹೇಳುವವರು ವಿರಳ. ತರಗತಿಯಲ್ಲಿ ನಾವು ಸರ್ಕಾರದ ಆಯವ್ಯಯವನ್ನು ಓದುತ್ತೇವೆ, ಖೋತಾ ಬಜೆಟ್ಟಿನ ದೋಷಗಳನ್ನು ಪರೀಕ್ಷೆಯಲ್ಲಿ ಬರೆಯುತ್ತೇವೆ. ನಮ್ಮ ಸ್ವಂತ ಜೇಬಿಗೂ ಒಂದು ಆಯವ್ಯಯವಿರಬೇಕೆಂಬುದು ಈ ಲೇಖನದ ವಾದ.

ಲೆಕ್ಕವಿಡುವುದು ಪಟ್ಟಣದವರ ಹೊಸ ಹವ್ಯಾಸವೆಂದು ಯಾರೂ ತಿಳಿಯಬಾರದು. ಅದು ನಮ್ಮ ನೆಲದ ಹಳೆಯ ವಿದ್ಯೆ. ೧೪೪೩ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಇಲ್ಲಿನ ದಫ್ತರಖಾನೆಯನ್ನೂ ಅಲ್ಲಿ ಕುಳಿತ ಲಿಪಿಕಾರರನ್ನೂ ಕಂಡು ಬರೆದಿಟ್ಟಿದ್ದಾನೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು ಒಂದು ರೀತಿ. ಕಪ್ಪು ಬಳಿದ ಹಾಳೆಯ ಮೇಲೆ ಮೆತು ಕಲ್ಲಿನಿಂದ ಬಿಳಿಯ ಅಕ್ಷರ ಬರೆಯುವುದು ಇನ್ನೊಂದು ರೀತಿ ಎಂದು ಅವನು ಹೇಳುತ್ತಾನೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ನಮ್ಮ 'ಕಡತ'ವೇ ಇದು. ಇಂದು ಕಡತವೆಂದರೆ ಕಚೇರಿಯ ಫೈಲು ಮಾತ್ರ ಎಂದುಕೊಂಡಿದ್ದೇವೆ. ಒಂದು ಕಾಲದಲ್ಲಿ ಅದು ವರ್ತಕನ ಮನೆಯ ಜಮಾಖರ್ಚು.

ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. ನನ್ನ ತಾಯಿ ಹೆಚ್ಚು ಓದಿದವಳಲ್ಲ. ಕಂಪ್ಲಿಯ ಕಡೆಯ ಗದ್ದೆಗಳಲ್ಲಿ ನಾಟಿ ಮಾಡುವವಳು. ೨೦೦೦ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಿಂದ ನಮ್ಮ ಹಳ್ಳಿಗಳಲ್ಲೆಲ್ಲ ಸಂಘಗಳಾದವು. ಆಕೆ ತನ್ನ ಸಂಘದಲ್ಲಿ ವಾರದ ಉಳಿತಾಯ ಕಟ್ಟಿ, ಪುಸ್ತಕದಲ್ಲಿ ಬರೆಯಿಸಿ, ತಾನೇ ಸಹಿ ಹಾಕಿ ಬರುತ್ತಾಳೆ. ಮೊತ್ತ ತಪ್ಪಿದರೆ ಎದ್ದು ನಿಂತು ಕೇಳುತ್ತಾಳೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನು ಮೊದಲಿಗ. ಲೆಕ್ಕದ ಪುಸ್ತಕ ಹಿಡಿದವಳು ಮಾತ್ರ ಅವಳು.

ಹಣ ನಮ್ಮ ಕೈಯಿಂದ ಹೋಗುವುದು ಎರಡು ಬಗೆಯಲ್ಲಿ. ಅದನ್ನು ತಿಳಿಯಲು ನಮ್ಮೂರಿನ ಅಣೆಕಟ್ಟೆಯನ್ನು ನೋಡಿದರೆ ಸಾಕು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ೧೯ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿ ಹೋಯಿತು. ನಾಡೆಲ್ಲ ಓಡಿ ಬಂದಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿದರು. ಆದರೆ ೧೯೫೩ರಲ್ಲಿ ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿದದ್ದು ಯಾವ ಒಂದು ರಾತ್ರಿಯಲ್ಲಿ? ಹೂಳು ಬರುವುದು ಕಣ್ಣಿಗೆ ಕಾಣುವುದಿಲ್ಲ, ಸದ್ದೂ ಮಾಡುವುದಿಲ್ಲ. ಆಸ್ಪತ್ರೆಯ ಖರ್ಚು ಗೇಟು ಮುರಿದಂತೆ, ಎಲ್ಲರಿಗೂ ತಿಳಿಯುತ್ತದೆ. ದಿನದ ಚಹಾ, ಮಂಡಕ್ಕಿ, ಮಿರ್ಚಿ ೪೦ ರೂಪಾಯಿ ಎಂದರೆ ತಿಂಗಳಿಗೆ ೧,೨೦೦, ವರ್ಷಕ್ಕೆ ೧೪,೪೦೦. ಇದು ಹೂಳು. ಮಿರ್ಚಿ ತಿನ್ನಬಾರದೆಂದು ನಾನು ಹೇಳುತ್ತಿಲ್ಲ; ತಿಂದದ್ದು ಎಷ್ಟೆಂದು ತಿಳಿದಿರಲಿ ಎನ್ನುತ್ತೇನೆ. ಫೋನಿನಿಂದ ಹಣ ಕೊಡುವ ಈ ಕಾಲದಲ್ಲಿ ನೋಟು ಕರಗುವುದೂ ಕಾಣುವುದಿಲ್ಲ. ಫೋನಿನೊಳಗೆ ಎಲ್ಲವೂ ದಾಖಲಾಗಿರುತ್ತದಲ್ಲ ಎಂದು ಮಿತ್ರರು ಕೇಳಬಹುದು. ಯಾರಿಗೆ ಹೋಯಿತೆಂಬುದು ಅಲ್ಲಿದೆ. ಏತಕ್ಕೆ ಹೋಯಿತೆಂಬುದು ಇಲ್ಲ. ಅದನ್ನು ನಾವೇ ಬರೆಯಬೇಕು.

ಎರಡನೆಯ ಪಾಠವನ್ನು ಸಂಡೂರಿನ ಗುಡ್ಡಗಳು ಕಲಿಸಿವೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಈ ಸೀಮೆಯಲ್ಲಿ ಎಷ್ಟೋ ಜನರು ಕಂತಿನ ಮೇಲೆ ಲಾರಿ ಕೊಂಡರು. ಗಳಿಕೆ ಹೀಗೆಯೇ ಇರುವುದೆಂದು ನಂಬಿ ಮನೆಯ ಖರ್ಚನ್ನೂ ಅದಕ್ಕೆ ತಕ್ಕಂತೆ ಏರಿಸಿಕೊಂಡರು. ೨೦೧೦ರ ಜುಲೈನಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ತಡೆಯಿತು. ೨೦೧೧ರ ಜುಲೈ ೨೯ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕಾಡನ್ನೂ ಊರನ್ನೂ ಉಳಿಸಲು ಅದು ಬೇಕಾಗಿತ್ತು. ಆದರೆ ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಮಿತಿಗಳೊಡನೆ ಗಣಿಗಾರಿಕೆಗೆ ಪುನಃ ಒಪ್ಪಿಗೆ ದೊರೆತದ್ದು ೨೦೧೨-೧೩ರಲ್ಲಿ. ಗುತ್ತಿಗೆಯ ನೌಕರಿಗೆ ಸೇರಲಿರುವ ನಾವು, ಮೊದಲ ತಿಂಗಳಲ್ಲೇ ಮೋಟಾರ್ ಬೈಕು, ಫೋನು ಎಂದು ಕಂತಿಗೆ ಸಹಿ ಹಾಕುವ ಮುನ್ನ ಆ ಲಾರಿಗಳನ್ನು ನೆನೆಯಬೇಕು. ಫೋನಿನಲ್ಲೇ ಸಾಲ ಕೊಡುವವರೂ ಈಗ ಇದ್ದಾರೆ. ವಾರ್ಷಿಕ ಬಡ್ಡಿಯ ದರವನ್ನು ಮುಚ್ಚಿಡದೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು ೨೦೨೨ರಲ್ಲಿ ನಿಯಮ ಮಾಡಿದೆ. ಆ ಒಂದು ಸಾಲನ್ನು ಓದದೆ ಮುಂದೆ ಹೋಗಬಾರದು. ವಸೂಲಿಯ ಕಿರುಕುಳವನ್ನು ತಡೆಯಲು ೨೦೨೫ರಲ್ಲಿ ನಮ್ಮ ರಾಜ್ಯವು ಕಾನೂನನ್ನೇ ತರಬೇಕಾಯಿತೆಂದರೆ ಹಳ್ಳಿಗಳ ಸಂಕಟ ಎಷ್ಟಿತ್ತೆಂದು ಊಹಿಸಬಹುದು.

ಇನ್ನು ಲೆಕ್ಕ ಹಾಕುವ ಬಗೆ. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ೨೦೦೫ರಲ್ಲಿ ಪ್ರಚಾರಕ್ಕೆ ತಂದ ಸೂತ್ರವೊಂದಿದೆ: ಅಗತ್ಯಕ್ಕೆ ೫೦, ಇಷ್ಟಕ್ಕೆ ೩೦, ಉಳಿತಾಯಕ್ಕೆ ೨೦. ಸೂತ್ರ ಒಳ್ಳೆಯದೇ, ಆದರೆ ನಮಗೆ ಅದು ಹೊಂದುವುದಿಲ್ಲ. ಊರಿನಲ್ಲಿರುವ ಅಪ್ಪ-ಅವ್ವಂದಿರಿಗೆ ಅದರಲ್ಲಿ ಅಂಕಣವೇ ಇಲ್ಲ! ಮೊದಲ ಪದವೀಧರನ ಸಂಬಳವೆಂದರೆ ತಂದೆಯ ಸಾಲ, ತಂಗಿಯ ಓದು, ಮನೆಯ ಮಾಡು ಎಲ್ಲವೂ ಅದರಲ್ಲಿ ಪಾಲು ಕೇಳುತ್ತವೆ. ಕೇಳುವುದು ನ್ಯಾಯವೂ ಹೌದು. ಆದುದರಿಂದ ನಮ್ಮ ಪುಸ್ತಕದ ಮೊದಲ ಸಾಲು 'ಮನೆಗೆ' ಎಂದಿರಲಿ, ಮತ್ತು ಆ ಮೊತ್ತವನ್ನು ಮನೆಯವರೊಡನೆ ಕುಳಿತು ನಿಶ್ಚಯಿಸಲಿ. ಸಂಬಳ ೧೮,೦೦೦ ಎಂದಿಟ್ಟುಕೊಳ್ಳೋಣ. ಮನೆಗೆ ೬,೦೦೦, ಬಾಡಿಗೆ, ಊಟ, ಪ್ರಯಾಣಕ್ಕೆ ೭,೫೦೦, ಉಳಿತಾಯಕ್ಕೆ ೨,೦೦೦, ಸ್ವಂತದ ಇಷ್ಟಕ್ಕೆ ೧,೫೦೦, ಹಬ್ಬ, ಜಾತ್ರೆ, ಮದುವೆಗಳಿಗೆ ೧,೦೦೦. ಯುಗಾದಿಯೂ ಹಂಪಿಯ ತೇರೂ ವರ್ಷವರ್ಷವೂ ಬರುವಾಗ ಅವುಗಳ ಖರ್ಚನ್ನು ಆಕಸ್ಮಿಕವೆಂದು ಕರೆಯುವುದೇಕೆ? ಉಳಿತಾಯದ ೨,೦೦೦ವನ್ನು ಮುಟ್ಟದಿದ್ದರೆ ಸುಮಾರು ೨೦ ತಿಂಗಳಲ್ಲಿ, ಮನೆಯ ಪಾಲೂ ನಮ್ಮ ಜೀವನವೂ ಮೂರು ತಿಂಗಳು ನಡೆಯುವಷ್ಟು ಹಣ ಕೂಡುತ್ತದೆ. ನೌಕರಿ ನಿಂತ ದಿನ ಬೇರೊಂದನ್ನು ಹುಡುಕಲು ಅಷ್ಟು ಕಾಲ ದೊರೆತಂತಾಯಿತು.

ಈ ವಾದಕ್ಕೆ ಎರಡು ಆಕ್ಷೇಪಣೆಗಳುಂಟು. ಇಷ್ಟು ಕಡಮೆ ಸಂಬಳದಲ್ಲಿ ಲೆಕ್ಕ ಬರೆದು ಆಗುವುದೇನೆಂಬುದು ಮೊದಲನೆಯದು. ಲೆಕ್ಕದಿಂದ ಸಂಬಳ ಹೆಚ್ಚುವುದಿಲ್ಲ, ನಿಜ. ಆದರೆ ಇದು ಸಾಲದು ಎಂದು ಕೇಳಬೇಕಾದಾಗ ಅಂಕಿಗಳಿಟ್ಟು ಕೇಳುವವನ ಮಾತಿಗೆ ತೂಕ ಹೆಚ್ಚು. ಲೆಕ್ಕವಿಡುವವನು ಜಿಪುಣನಾಗುತ್ತಾನೆಂಬುದು ಎರಡನೆಯದು. ಜಿಪುಣನಿಗೆ ಲೆಕ್ಕ ಬೇಕಾಗಿಲ್ಲ; ಅವನ ಉತ್ತರ ಎಂದಿಗೂ 'ಇಲ್ಲ' ಎಂದೇ. ಎಷ್ಟು ಕೊಡಬಲ್ಲೆನೆಂದು ತಿಳಿದವನೇ ಸ್ನೇಹಿತನ ಕಷ್ಟಕ್ಕೆ ಧೈರ್ಯವಾಗಿ ಕೊಡುತ್ತಾನೆ.

ನಮ್ಮ ಸಹಪಾಠಿ ಸೋದರಿಯರಿಗೂ ಒಂದು ಮಾತು. ದುಡಿಯುವ ಹೆಣ್ಣುಮಗಳ ಸಂಬಳ ಇಂದಿಗೂ ಎಷ್ಟೋ ಮನೆಗಳಲ್ಲಿ ಅವಳ ಕೈಗೇ ನಿಲ್ಲುವುದಿಲ್ಲ. ತನ್ನ ಹಣ ಎಲ್ಲಿ ಹೋಯಿತೆಂದು ಬರೆದಿಟ್ಟವಳಿಗೆ ಮನೆಯ ಮಾತುಕತೆಯಲ್ಲಿ ಕೂರಲು ಒಂದು ಮಣೆ ದೊರೆಯುತ್ತದೆ.

ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಒಂದು ಮಧ್ಯಾಹ್ನವಾದರೂ ಇದನ್ನು ಕಲಿಸಬೇಕೆಂದು ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ. ಪದವಿಪತ್ರವನ್ನು ಗೋಡೆಗೆ ತೂಗುಹಾಕಿ ಮನೆಯವರು ಸಂತೋಷಪಡಲಿ. ಅದರ ಕೆಳಗಿನ ಗೂಡಿನಲ್ಲಿ ಮೂವತ್ತು ರೂಪಾಯಿಯ ಒಂದು ನೋಟುಪುಸ್ತಕವೂ ಇರಲಿ.