ಅಳಿಸುವ ಮೊದಲು ವಿಚಾರಿಸಿರಿ

ಗಣಕಯಂತ್ರವನ್ನು ಅಪ್‌ಡೇಟ್ ಮಾಡಿ ಪುನಃ ಚಾಲನೆಗೊಳಿಸಿದಾಗ ತೆರೆಯು ಕಪ್ಪಾಗಿಯೇ ಉಳಿಯುವುದು ಇಂದಿನ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಸಂಗತಿಯಲ್ಲ. ದೀಪ ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಆಗ ಬಲ್ಲವರೆನಿಸಿಕೊಂಡವರು ಕೊಡುವ ಸಲಹೆ ಬಹುಮಟ್ಟಿಗೆ ಒಂದೇ: "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡಿ." ಈ ಸಲಹೆಯು ವಿಜ್ಞಾನವನ್ನು ಅಭ್ಯಸಿಸುವವರು ಒಪ್ಪತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ಅದರಿಂದ ವರ್ಷವಿಡೀ ಬರೆದಿಟ್ಟ ಪ್ರಬಂಧಗಳೂ ಚಿತ್ರಗಳೂ ನಾಶವಾಗಬಹುದು. ಅವುಗಳ ಜೊತೆಗೆ ದೋಷದ ಸಾಕ್ಷ್ಯವೂ ಅಳಿದುಹೋಗುತ್ತದೆ.

ಲಿನಕ್ಸ್ ಕಾರ್ಯವ್ಯವಸ್ಥೆಯನ್ನೂ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡನ್ನೂ ಹೊಂದಿದ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಲಿನಕ್ಸಿನ ಮೂಲಭಾಗಕ್ಕೆ ಕರ್ನಲ್, ಅಂದರೆ ತಿರುಳು, ಎಂದು ಹೆಸರು. ಈ ತಿರುಳಿಗೂ ಕಾರ್ಡಿಗೂ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೇ ಡ್ರೈವರ್. ತಿರುಳಿನ ಒಳಗಿನ ಸಂಪರ್ಕ ನಿಯಮಗಳು ಎಂದೆಂದಿಗೂ ಒಂದೇ ರೀತಿ ಇರುವುವೆಂದು ಲಿನಕ್ಸನ್ನು ರಚಿಸುವವರು ಮಾತು ಕೊಟ್ಟಿಲ್ಲ. ಸುಧಾರಣೆಗಾಗಿ ಅವನ್ನು ಮಾರ್ಪಡಿಸುತ್ತಲೇ ಇರುತ್ತಾರೆ. ಇಂಟೆಲ್, ಎ.ಎಂ.ಡಿ. ಕಾರ್ಡುಗಳ ಡ್ರೈವರುಗಳು ಕರ್ನಲಿನ ಮೂಲಸಂಕೇತದೊಳಗೇ ಇರುವುದರಿಂದ, ನಿಯಮವನ್ನು ಬದಲಿಸುವವರೇ ಅವನ್ನೂ ತಿದ್ದುತ್ತಾರೆ. ಎನ್‌ವಿಡಿಯಾ ಕಂಪನಿಯು ಒದಗಿಸುವ ಡ್ರೈವರಾದರೋ ಹೊರಗಿನದು. ಆದುದರಿಂದ ಪ್ರತಿಯೊಂದು ಹೊಸ ಕರ್ನಲಿಗೂ ಅದರ ಮಾಡ್ಯೂಲನ್ನು ಹೊಸದಾಗಿ ಕಂಪೈಲ್ ಮಾಡಬೇಕಾಗುತ್ತದೆ. ಅನೇಕ ಯಂತ್ರಗಳಲ್ಲಿ ಡಿ.ಕೆ.ಎಂ.ಎಸ್. ಎಂಬ ಸಾಧನವು ಇದನ್ನು ತಾನಾಗಿಯೇ ಮಾಡುತ್ತದೆ. ಆದರೆ ಹೊಸ ಕರ್ನಲಿನ ಹೆಡರ್ ಕಡತಗಳು ಇಲ್ಲದಿದ್ದರೆ, ಅಥವಾ ಡ್ರೈವರು ಹಳೆಯದಾಗಿದ್ದು ಹೊಸ ನಿಯಮಕ್ಕೆ ಹೊಂದದಿದ್ದರೆ, ಆ ಕಾರ್ಯವು ಅರ್ಧದಲ್ಲೇ ನಿಲ್ಲುತ್ತದೆ. ಅಪ್‌ಡೇಟಿನ ವೇಳೆ ಸಾಲುಸಾಲಾಗಿ ಓಡುವ ಅಕ್ಷರಗಳ ನಡುವೆ ಆ ಒಂದು ಎಚ್ಚರಿಕೆಯನ್ನು ಯಾರು ತಾನೇ ಓದುತ್ತಾರೆ?

ಕಾರ್ಡು ಕೆಟ್ಟಿಲ್ಲ, ಕಡತಗಳು ಕೆಟ್ಟಿಲ್ಲ. ದುಭಾಷಿಯೊಬ್ಬನು ಗೈರುಹಾಜರಾಗಿದ್ದಾನೆ, ಅಷ್ಟೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೂ, ಅದೇ ಅಪ್‌ಡೇಟ್ ಮತ್ತೆ ಬಂದು ಅದೇ ಕರ್ನಲ್, ಅದೇ ಡ್ರೈವರು ಕೂಡಿದರೆ ತೆರೆಯು ಮತ್ತೆ ಕಪ್ಪಾಗುವುದು.

ಹಾಗಾದರೆ ಮಾಡಬೇಕಾದುದೇನು? ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಹಿಂದಿನ ಕರ್ನಲನ್ನೂ ಉಳಿಸಿರುತ್ತಾರೆ. ಯಂತ್ರವು ಆರಂಭವಾಗುವಾಗ ಗ್ರಬ್ ಎಂಬ ಪಟ್ಟಿಯಿಂದ ಅದನ್ನು ಆರಿಸಬಹುದು. (ಈ ಪಟ್ಟಿಯು ಅಡಗಿದ್ದರೆ ಯಂತ್ರಕ್ಕೆ ತಕ್ಕಂತೆ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯಿಂದ ಹೊರಬರುತ್ತದೆ.) ಹಳೆಯ ಕರ್ನಲಿನಲ್ಲಿ ಚಿತ್ರವು ಮೂಡಿದರೆ ಕಾರ್ಡು ನಿರ್ದೋಷಿಯೆಂದು ಒಂದೇ ಪ್ರಯೋಗದಿಂದ ತಿಳಿಯಿತು. ಮೂಡದಿದ್ದರೆ ಕಂಟ್ರೋಲ್, ಆಲ್ಟ್, ಎಫ್-3 ಕೀಲಿಗಳನ್ನು ಒಟ್ಟಿಗೆ ಒತ್ತಿ ಅಕ್ಷರಗಳ ತೆರೆಯನ್ನು ತೆರೆಯಲು ಯತ್ನಿಸಿ, ಯಂತ್ರವು ತಾನೇ ಬರೆದಿಟ್ಟ ದಿನಚರಿಯನ್ನು ಓದಬೇಕು. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದು ಮಾಡ್ಯೂಲಿಗೆ ಅಂಗೀಕೃತ ಸಹಿಯಿಲ್ಲದಿದ್ದರೆ ಕರ್ನಲು ಅದನ್ನು ನಿರಾಕರಿಸಿದ ವಾರ್ತೆಯೂ ಅಲ್ಲಿಯೇ ಸಿಗುತ್ತದೆ. ಇಲ್ಲೆಲ್ಲ ಒಂದು ಸಲಕ್ಕೆ ಒಂದೇ ಬದಲಾವಣೆ ಸಲ್ಲುವುದು. ಕರ್ನಲ್, ಡ್ರೈವರು, ಇತರ ಏರ್ಪಾಡುಗಳನ್ನು ಒಮ್ಮೆಲೇ ಬದಲಿಸಿದವನಿಗೆ ಚಿತ್ರ ಬಂದರೂ ಅದು ಯಾವುದರಿಂದ ಬಂದಿತೆಂಬುದು ತಿಳಿಯದು. ವಿಂಡೋಸಿನಲ್ಲಿ ಸೇಫ್ ಮೋಡನ್ನು ಹೊಕ್ಕು ಡಿವೈಸ್ ಮ್ಯಾನೇಜರಿನಿಂದ ಹಿಂದಿನ ಡ್ರೈವರಿಗೆ ಮರಳುವುದೂ ಇದೇ ಬಗೆಯ ಪ್ರಯೋಗ.

ಇಷ್ಟು ತಾಳ್ಮೆ ಯಾರಿಗಿದೆ ಎಂದು ಕೆಲವರು ಕೇಳಬಹುದು. ಕಾಲೇಜಿನ ಪ್ರಯೋಗಶಾಲೆಯ ಮೂವತ್ತು ಯಂತ್ರಗಳನ್ನು ಬೆಳಗಾಗುವುದರೊಳಗೆ ಸಿದ್ಧಪಡಿಸಬೇಕಾದವರು ಅಳಿಸಿ ಹಾಕಿದರೆ ನಾನು ಆಕ್ಷೇಪಿಸೆನು. ಆದರೆ ಅವರೂ ಒಂದು ಯಂತ್ರದ ದಿನಚರಿಯನ್ನಾದರೂ ಮೊದಲು ಓದಲಿ.

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲುಗಳ ಮೂಲಸಂಕೇತವನ್ನು ಪ್ರಕಟಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ಅವು 2018ರಲ್ಲಿ ಬಂದ ಟ್ಯೂರಿಂಗ್ ಪೀಳಿಗೆಗೂ ಅನಂತರದವುಗಳಿಗೂ ಮಾತ್ರ ಅನ್ವಯಿಸುತ್ತವೆ. ಅದಕ್ಕೂ ಹಿಂದಿನ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಕಾರ್ಡುಗಳಿಗೆ 580ರ ಶ್ರೇಣಿಯ ಡ್ರೈವರೇ ಕೊನೆಯದು. ಅಣ್ಣನಿಂದ ತಮ್ಮನಿಗೆ ಬಂದ ಹಳೆಯ ಯಂತ್ರಗಳಲ್ಲಿ ಇಂತಹ ಕಾರ್ಡುಗಳೇ ಇರುವುದುಂಟು. ಅಪ್‌ಡೇಟು 580ಕ್ಕಿಂತ ಹೊಸ ಡ್ರೈವರನ್ನು ತಂದಿಟ್ಟರೆ, ಕಂಪೈಲ್ ಸರಿಯಾಗಿ ಮುಗಿದರೂ ಕಾರ್ಡನ್ನು ಅದು ಗುರುತಿಸುವುದಿಲ್ಲ. ಹಳೆಯ ಕರ್ನಲಿಗೆ ಮರಳುವುದರಿಂದಲೂ ಪ್ರಯೋಜನವಾಗದಿರಬಹುದು. ಅಂತಹವರು ಡ್ರೈವರಿನ ಸಂಖ್ಯೆಯನ್ನು ಮೊದಲು ನೋಡಿಕೊಂಡು 580ರ ಶ್ರೇಣಿಗೇ ಮರಳತಕ್ಕದ್ದು.